ಅಭ್ಯರ್ಥಿ ಹೆಸರು ನೋಡಿ ಲೋಕಸಭೆಗೆ ವೋಟು ಹಾಕಿದವರು ಎಷ್ಟು ಜನ ಇದ್ದೀರಿ?

ಅಡಿಕೆತೋಟ

ಒಂದು ವಿಷಯ ಬಹಳ ದಿನದಿಂದ ತಲೆ ಕೊರೆಯುತ್ತಿದೆ. ಇಲ್ಲಿ ಎಲ್ಲ ಪಕ್ಷದವರೂ ಇದ್ದೀರಿ, ಯಾವ ಪಕ್ಷದ ಸಹವಾಸವೂ ಬೇಡ ಅನ್ನುವವರೂ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ. 2024ರ ಲೋಕಸಭೆ ಚುನಾವಣೆಯಲ್ಲಿ ನೀವು ಏನು ನೋಡಿ ವೋಟು ಹಾಕಿದಿರಿ? ಪಕ್ಷ ಯಾವುದು ಅಂತ ನನಗೆ ಬೇಡ. ನಿಮ್ಮ ಕ್ಷೇತ್ರದಲ್ಲಿ ನಿಂತಿದ್ದ ಮನುಷ್ಯನನ್ನು ನೋಡಿ ಹಾಕಿದಿರಾ, ಇಲ್ಲ ಪ್ರಧಾನಿ ಯಾರಾಗಬೇಕು ಅಂತ ನೋಡಿ ಹಾಕಿದಿರಾ?

ನನ್ನದು ಮೊದಲೇ ಹೇಳುತ್ತೇನೆ. 1999ರಿಂದ ಆರು ಲೋಕಸಭೆ ಚುನಾವಣೆಗಳಲ್ಲಿ ವೋಟು ಹಾಕಿದ್ದೇನೆ. ಆರರಲ್ಲೂ ದೆಹಲಿಯ ಮುಖ ನೋಡಿಯೇ ಹಾಕಿದ್ದು. ನಮ್ಮೂರ ಕಟ್ಟೆಯ ಮೇಲೆ ಚುನಾವಣೆ ಮಾತು ಅಂದರೆ ವಾಜಪೇಯಿ, ಸೋನಿಯಾ, ಮನಮೋಹನ್ ಸಿಂಗ್, ಮೋದಿ, ರಾಹುಲ್ ಅಷ್ಟೇ. ನಮ್ಮ ಅಭ್ಯರ್ಥಿ ಎಂಥವನು, ಹಿಂದೆ ಗೆದ್ದಾಗ ಏನು ಮಾಡಿದ ಅಂತ ಒಬ್ಬರೂ ಕೇಳಿದ್ದು ನೆನಪಿಲ್ಲ. ನಾನೂ ಕೇಳಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ತೋಟಕ್ಕೆ ಎಲೆಚುಕ್ಕಿ ರೋಗ ಬಂತು. ಮೊದಲು ಕೆಳಗಿನ ಸೋಗೆಯಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕಿ, ಅದರ ಸುತ್ತ ತೆಳ್ಳಗೆ ಹಳದಿ ಬಳೆ. ನೋಡನೋಡುತ್ತಾ ಚುಕ್ಕಿಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಸೋಗೆ ಬೆಂಕಿ ತಾಗಿದ ಹಾಗೆ ಆಯಿತು. ಔಷಧಿ ಹೊಡೆಸಿದ್ದಾಯಿತು, ಸೋಗೆ ಕಡಿಸಿ ಸುಟ್ಟದ್ದೂ ಆಯಿತು. ಕೈ ಬರಿದಾಯಿತು. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಎಂಪಿಯನ್ನು ಬಾಯಿಗೆ ಬಂದ ಹಾಗೆ ಬೈದೆ. "ಒಂದು ದಿನವಾದರೂ ಅಡಿಕೆ ಬಗ್ಗೆ ಸಂಸತ್ತಿನಲ್ಲಿ ಬಾಯಿ ಬಿಟ್ಟಿದ್ದಾನಾ?" ಅಂದೆ. ಎಲ್ಲರೂ ಹೌದು ಹೌದು ಅಂದರು.

ಮನೆಗೆ ಬಂದು ಅದನ್ನೇ ಮತ್ತೆ ಹೇಳಿದೆ. ಮಗಳು ಊಟ ಬಡಿಸುತ್ತಾ ಕೇಳಿದಳು, "ಬಾಯಿ ಬಿಟ್ಟಿಲ್ಲ ಅಂತ ನಿನಗೆ ಹೇಗೆ ಗೊತ್ತಪ್ಪಾ?" ಉತ್ತರ ಇರಲಿಲ್ಲ. ಊಟ ಆದ ಮೇಲೆ ಮೊಬೈಲಿನಲ್ಲಿ ಸಂಸತ್ತಿನ ಜಾಲತಾಣ ತೆರೆದಳು. ಎಂಪಿ ಹೆಸರು ಒತ್ತಿದರೆ ಅವರು ಕೇಳಿದ ಪ್ರಶ್ನೆಗಳೆಲ್ಲ ತಾರೀಕಿನ ಸಮೇತ ಬಂದವು. ಅದರಲ್ಲಿ ಅಡಿಕೆ ಬಗ್ಗೆಯೇ ಎರಡು ಇದ್ದವು. ಒಂದು ಆಮದಿನ ಬಗ್ಗೆ, ಇನ್ನೊಂದು ನನ್ನ ತೋಟಕ್ಕೆ ಬಂದ ಅದೇ ರೋಗದ ಬಗ್ಗೆ. ಸಚಿವರ ಉತ್ತರ ಇಂಗ್ಲಿಷಿನಲ್ಲಿತ್ತು. ಮಗಳು ಒಂದೊಂದೇ ಸಾಲು ಓದಿ ಹೇಳಿದಳು.

ನನಗೆ ಎರಡು ರೀತಿಯಲ್ಲಿ ನೋವಾಯಿತು. ಒಂದು, ಗೊತ್ತಿಲ್ಲದೆ ಬೈದೆ. ಇನ್ನೊಂದು ಅದಕ್ಕಿಂತ ಜಾಸ್ತಿ. ಉತ್ತರ ಬಂದು ತಿಂಗಳುಗಟ್ಟಲೆ ಆಗಿತ್ತು, ಅರ್ಧಂಬರ್ಧ ಉತ್ತರ. "ಇದು ಸಾಲದು, ಮತ್ತೆ ಕೇಳಿ" ಅಂತ ಹೇಳಬೇಕಾದವರು ನಾವು. ನಮಗೆ ಸುದ್ದಿಯೇ ಇಲ್ಲ. ಎಂಪಿಯೂ ಬಂದು ಹೇಳಲಿಲ್ಲ, ನಾವೂ ಹೋಗಿ ಕೇಳಲಿಲ್ಲ. ಆ ಪ್ರಶ್ನೆ ಅಲ್ಲಿಗೇ ಸತ್ತುಹೋಯಿತು.

ನಾವು ಪ್ರಧಾನಿಗೆ ಅಂತ ವೋಟು ಹಾಕುತ್ತೇವೆ. ಆದರೆ ಗುಂಡಿ ಒತ್ತಿದಾಗ ಸಿಗುವುದು ಒಬ್ಬ ಎಂಪಿ. ಸಿಕ್ಕವರನ್ನು ಐದು ವರ್ಷ ಮರೆತುಬಿಡುತ್ತೇವೆ. ಇದು ಸರಿಯಾ?

ನಿವೃತ್ತಮೇಷ್ಟ್ರು

ಒಳ್ಳೆಯ ಪ್ರಶ್ನೆ. ನಾನು ಮೇಷ್ಟ್ರಾಗಿದ್ದಾಗ ಎಂಟು ಚುನಾವಣೆಗೆ ಡ್ಯೂಟಿ ಮಾಡಿದ್ದೇನೆ. ಒಂದು ಘಟನೆ ಹೇಳುತ್ತೇನೆ.

2019ರ ಚುನಾವಣೆ. ಮಧ್ಯಾಹ್ನದ ಹೊತ್ತು ಒಬ್ಬ ಅಜ್ಜಿ ಬಂದರು. ಮೊಮ್ಮಗ ಬಾಗಿಲ ತನಕ ಕೈ ಹಿಡಿದು ಕರೆದುಕೊಂಡು ಬಂದ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮರೆಯ ಒಳಗೆ ಹೋದವರು ಎರಡು ನಿಮಿಷ ಆದರೂ ಗುಂಡಿ ಒತ್ತಲಿಲ್ಲ. ಆಮೇಲೆ ಅಲ್ಲಿಂದಲೇ ಕೂಗಿದರು, "ಇದರಲ್ಲಿ ಅವರ ಫೋಟೋನೇ ಇಲ್ಲವಲ್ಲ ಸ್ವಾಮಿ!" ಯಾರ ಫೋಟೋ ಅಂತ ಕೇಳುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ಇದರಲ್ಲಿ ನಿಮ್ಮ ಕ್ಷೇತ್ರಕ್ಕೆ ನಿಂತವರ ಫೋಟೋ ಮಾತ್ರ ಇರುತ್ತದೆ ಅಂತಷ್ಟೇ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವರು ಯಾರೂ ನಂಗೆ ಗೊತ್ತಿಲ್ಲ" ಅಂದರು. ಆಮೇಲೆ ಬೀಪ್ ಅಂತ ಶಬ್ದ ಬಂತು.

ಆ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಇವರು ಯಾರೂ ನಂಗೆ ಗೊತ್ತಿಲ್ಲ.

ಹಾಗಂತ ನಮ್ಮ ಜನ ದಡ್ಡರು ಅಂತ ನಾನು ಒಪ್ಪುವುದಿಲ್ಲ. ಕರ್ನಾಟಕದ ಮತದಾರ ರಾಜ್ಯಕ್ಕೆ ಬೇರೆ ಲೆಕ್ಕ, ದೆಹಲಿಗೆ ಬೇರೆ ಲೆಕ್ಕ ಹಾಕುವುದನ್ನು ನಲವತ್ತು ವರ್ಷದಿಂದ ನೋಡಿದ್ದೇನೆ. 1984ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿ ಹತ್ಯೆಯ ನಂತರ ಲೋಕಸಭೆ ಚುನಾವಣೆ ಆಯಿತು. ನಮ್ಮ 28ರಲ್ಲಿ 24 ಕಾಂಗ್ರೆಸ್ಸಿಗೆ ಹೋಯಿತು. ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಆಗ ಮುಖ್ಯಮಂತ್ರಿ. ಜನ ನಮ್ಮನ್ನು ಒಪ್ಪಲಿಲ್ಲ ಅಂತ ರಾಜೀನಾಮೆ ಕೊಟ್ಟು ಹೊಸದಾಗಿ ವಿಧಾನಸಭೆ ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ ಅದೇ ಬೂತಿಗೆ ಬಂದು ಜನತಾ ಪಕ್ಷಕ್ಕೆ 139 ಸೀಟು ಕೊಟ್ಟರು. ನಡುವೆ ಮೂರು ತಿಂಗಳೂ ಇಲ್ಲ.

ಆಮೇಲೂ ಅದೇ ಕಥೆ. 2013ರಲ್ಲಿ ವಿಧಾನಸಭೆ ಕಾಂಗ್ರೆಸ್ಸಿಗೆ, ಮರುವರ್ಷ ಲೋಕಸಭೆಯಲ್ಲಿ ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9, ಜೆಡಿಎಸ್‌ಗೆ 2. ಹತ್ತು ವರ್ಷ ಬಿಟ್ಟು 2023ರಲ್ಲಿ ಕಾಂಗ್ರೆಸ್ಸಿಗೆ 135 ಸೀಟು. ಮರುವರ್ಷ ಮತ್ತೆ 17, 9, 2. ಅಂಕಿ ಕೂಡ ಬದಲಾಗಲಿಲ್ಲ. ಇದನ್ನು ಕುರುಡು ವೋಟು ಅನ್ನಲು ಆಗುತ್ತದಾ? ಯಾವ ಮನೆಗೆ ಯಾವ ಬೀಗ ಅಂತ ಜನಕ್ಕೆ ಗೊತ್ತು. ಗೊತ್ತಿಲ್ಲದೆ ಇರುವುದು ಬೀಗದ ಕೈ ಯಾರ ಹತ್ತಿರ ಕೊಟ್ಟಿದ್ದೇವೆ ಅನ್ನುವುದು.

ಬಯಲುಸೀಮೆ

ಮೇಷ್ಟ್ರೇ, ಅಡಿಕೆತೋಟದವರೇ, ನಿಮ್ಮಿಬ್ಬರ ಮಾತಿಗೂ ಗೌರವ ಇದೆ. ಆದರೆ ನನಗೆ ಒಪ್ಪಿಗೆ ಇಲ್ಲ. ಎಂಪಿ ಹೆಸರು ನೋಡಿ ವೋಟು ಹಾಕಿ ಏನು ಮಾಡುವುದು ಹೇಳಿ. ಅವರ ಕೈಯಲ್ಲಿ ಏನಿದೆ?

1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂತು. ಸಂವಿಧಾನದ ಹತ್ತನೇ ಶೆಡ್ಯೂಲು. ಪಕ್ಷ ವಿಪ್ ಕೊಟ್ಟರೆ, ಅಂದರೆ ಸದನದಲ್ಲಿ ಹೀಗೇ ಮತ ಹಾಕಿ ಅಂತ ಆದೇಶ ಕೊಟ್ಟರೆ, ಅದರ ಪ್ರಕಾರವೇ ವೋಟು ಹಾಕಬೇಕು. ಇಲ್ಲವಾದರೆ ಸದಸ್ಯತ್ವ ಹೋಗುತ್ತದೆ. ಅಂದ ಮೇಲೆ ನಮ್ಮ ಎಂಪಿ ಬುದ್ಧಿವಂತನಾದರೂ ಒಂದೇ, ಆಗದಿದ್ದರೂ ಒಂದೇ. ಪಕ್ಷ ಕೈ ಎತ್ತು ಅಂದರೆ ಎತ್ತಬೇಕು.

ಕೃಷಿ ಕಾಯ್ದೆಗಳನ್ನೇ ನೋಡಿ. 2020ರ ಸೆಪ್ಟೆಂಬರಿನಲ್ಲಿ ತಂದರು. ರೈತರು ಒಂದು ವರ್ಷ ದೆಹಲಿಯ ಗಡಿಯಲ್ಲಿ ಚಳಿ ಮಳೆ ಅನ್ನದೆ ಕೂತರು. 2021ರ ನವೆಂಬರಿನಲ್ಲಿ ವಾಪಸ್ ತೆಗೆದುಕೊಂಡರು. ವಾಪಸ್ ತೆಗೆದುಕೊಳ್ಳುವ ಮಸೂದೆಗೆ ಚರ್ಚೆಯೇ ಆಗಲಿಲ್ಲ. ತಂದದ್ದು ಸರಿ ಅನ್ನುವವರೂ ಇದ್ದಾರೆ, ತಪ್ಪು ಅನ್ನುವವರೂ ಇದ್ದಾರೆ. ಆದರೆ ತರುವಾಗಲೂ ತೆಗೆಯುವಾಗಲೂ ನನ್ನ ಎಂಪಿ ಏನು ಯೋಚಿಸಿದರು ಅಂತ ನನಗೆ ಗೊತ್ತಾಗಲಿಲ್ಲ. ಅವರು ಯೋಚಿಸಿದ್ದರೂ ಪ್ರಯೋಜನ ಇರಲಿಲ್ಲ.

ಆದ್ದರಿಂದ ಪ್ರಧಾನಿ ಮುಖ ನೋಡಿ ವೋಟು ಹಾಕುವುದು ತಪ್ಪಲ್ಲ. ತೀರ್ಮಾನ ಮಾಡುವವರು ಅವರೇ ಆದಾಗ ಅವರನ್ನೇ ನೋಡಬೇಕು ಅಲ್ವಾ?

ಇನ್ನೊಂದು. ನಮ್ಮ ಕಡೆ ಭದ್ರಾ ಮೇಲ್ದಂಡೆ ಯೋಜನೆಗೆ ಕಾದು ಕಾದು ಒಂದು ತಲೆಮಾರು ಮುದುಕರಾಯಿತು. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆ ಆದಾಗ ನಮ್ಮೂರಲ್ಲಿ ಪಟಾಕಿ ಹೊಡೆದರು. ಘೋಷಣೆ ಮಾಡಿದ್ದು ಸಚಿವರು, ದುಡ್ಡು ಕೊಡಬೇಕಾದದ್ದು ಕೇಂದ್ರ. ದುಡ್ಡು ಬರಲಿಲ್ಲ ಅಂತ ರಾಜ್ಯ ಹೇಳುತ್ತದೆ, ನೀವು ಕಾಗದ ಸರಿ ಕಳಿಸಲಿಲ್ಲ ಅಂತ ಅವರು ಹೇಳುತ್ತಾರೆ. ನಮ್ಮ ಕೆರೆ ಒಣಗಿಯೇ ಇದೆ. ಎಂಪಿ ಇದರಲ್ಲಿ ಎಲ್ಲಿ ಬಂದರು?

ಅಡಿಕೆತೋಟ

ಬಯಲುಸೀಮೆಯವರೇ, ನಿಮ್ಮ ಕೊನೆಯ ಪ್ರಶ್ನೆಯೊಳಗೇ ನನ್ನ ಉತ್ತರ ಇದೆ. ಎಂಪಿ ಎಲ್ಲಿ ಬಂದರು ಅಂದಿರಲ್ಲ, ಅಲ್ಲೇ ಬರಬೇಕಿತ್ತು.

ವಿಪ್ ಇರುವುದು ಮತ ಹಾಕುವಾಗ. ಪ್ರಶ್ನೆ ಕೇಳಲು ವಿಪ್ ಅಡ್ಡ ಬರುವುದಿಲ್ಲ. ಮಗಳ ಜೊತೆ ಕೂತು ಇಷ್ಟು ತಿಳಿದುಕೊಂಡಿದ್ದೇನೆ. ಅಧಿವೇಶನ ನಡೆಯುವಾಗ ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರ ತನಕ ಪ್ರಶ್ನೋತ್ತರ ಅವಧಿ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು. ಅವಕ್ಕೆ ಸಚಿವರು ಎದ್ದು ನಿಂತು ಬಾಯಲ್ಲೇ ಉತ್ತರ ಕೊಡಬೇಕು, ಮೇಲೆ ಮರುಪ್ರಶ್ನೆಯನ್ನೂ ಕೇಳಬಹುದು. ಇದಲ್ಲದೆ 230 ಪ್ರಶ್ನೆಗೆ ಲಿಖಿತ ಉತ್ತರ. ಒಬ್ಬ ಎಂಪಿ ಹದಿನೈದು ದಿನ ಮೊದಲು ಬರೆದು ಕೊಟ್ಟರೆ ಸಾಕು. ಆಳುವ ಪಕ್ಷದವರೂ ಕೇಳಬಹುದು, ವಿರೋಧ ಪಕ್ಷದವರೂ ಕೇಳಬಹುದು.

ಸಚಿವರು ಸದನದಲ್ಲಿ ಕೊಟ್ಟ ಉತ್ತರ ದಾಖಲೆ. ಪ್ರಚಾರದ ಭಾಷಣದ ಹಾಗಲ್ಲ. ನಿಮ್ಮ 5,300 ಕೋಟಿ ವಿಷಯ ತೆಗೆದುಕೊಳ್ಳಿ. ಘೋಷಿಸಿದ್ದರಲ್ಲಿ ಎಷ್ಟು ಬಿಡುಗಡೆ ಆಯಿತು, ಆಗದಿದ್ದರೆ ಯಾವ ಕಾಗದ ಬಾಕಿ, ಯಾರ ಮೇಜಿನ ಮೇಲೆ, ಯಾವ ತಾರೀಕಿನಿಂದ ಅಂತ ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರೆ ಇಬ್ಬರಲ್ಲಿ ಒಬ್ಬರ ಮಾತು ಸುಳ್ಳು ಅಂತ ಗೊತ್ತಾಗುತ್ತದೆ. ನಮಗೆ ಬೇಕಾದದ್ದು ಅದೇ ಅಲ್ವಾ? ಕೈ ಎತ್ತುವಾಗ ಪಕ್ಷದ ಮಾತು ಕೇಳಲಿ. ಬಾಯಿ ಬಿಡುವಾಗ ನಮ್ಮ ಮಾತು ಕೇಳಲಿ.

ಪ್ರಧಾನಿ ಯಾರಾಗಬೇಕು ಅಂತ ನೋಡಬೇಡಿ ಅಂತ ನಾನು ಹೇಳಿಲ್ಲ. ನೋಡಲೇಬೇಕು. ಅದನ್ನೊಂದೇ ನೋಡಿದರೆ ಸಾಲದು ಅನ್ನುತ್ತಿದ್ದೇನೆ.

ರಾತ್ರಿಪಾಳಿ

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಕಡೆಯ ಪರಿಸ್ಥಿತಿ ಇನ್ನೂ ಬೇಸರದ್ದು. 2024ರಲ್ಲಿ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರರಲ್ಲೂ ಮತದಾನ ಶೇ 55 ದಾಟಲಿಲ್ಲ. ಏಪ್ರಿಲ್ 26 ಶುಕ್ರವಾರ ಇತ್ತು. ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಕಾರುಗಳು ಗುರುವಾರ ರಾತ್ರಿಯೇ ಹೊರಟುಹೋದವು. ನಾನು ರಾತ್ರಿ ಕೆಲಸ ಮುಗಿಸಿ ಬೆಳಿಗ್ಗೆ ಏಳಕ್ಕೆ ನೇರವಾಗಿ ಬೂತಿಗೆ ಹೋದೆ. ನನ್ನ ಮುಂದೆ ಇದ್ದವರು ಮನೆಗೆಲಸದವರು, ಆಟೋ ಓಡಿಸುವವರು, ಸೆಕ್ಯೂರಿಟಿಯವರು. ಅವತ್ತು ಅವರನ್ನು ನೋಡಿ ಮನಸ್ಸು ತುಂಬಿ ಬಂತು.

ನಾನು ಬೇರೆ ತಪ್ಪೊಂದು ನೋಡಿದ್ದೇನೆ, ಅದನ್ನು ಹೇಳಬೇಕು. ವೋಟು ಹಾಕಿದವರೂ ಎಂಪಿಯ ಹತ್ತಿರ ಏನು ಕೇಳುತ್ತಾರೆ ಗೊತ್ತಾ? ಚರಂಡಿ, ಕಸ, ಬೀದಿ ದೀಪ. ಇದೆಲ್ಲ ಪಾಲಿಕೆಯ ಕೆಲಸ. ಎಂಪಿಗೆ ವರ್ಷಕ್ಕೆ ಕ್ಷೇತ್ರದ ಅಭಿವೃದ್ಧಿಗೆ ಅಂತ 5 ಕೋಟಿ ಬರುತ್ತದೆ. ದೊಡ್ಡ ದುಡ್ಡು ಅನ್ನಿಸುತ್ತದೆ. ಆದರೆ ನಮ್ಮ ರಾಜ್ಯದಲ್ಲಿ ಒಂದು ಲೋಕಸಭಾ ಕ್ಷೇತ್ರ ಅಂದರೆ ಎಂಟು ವಿಧಾನಸಭಾ ಕ್ಷೇತ್ರ. ಭಾಗ ಹಾಕಿದರೆ ಒಂದಕ್ಕೆ ವರ್ಷಕ್ಕೆ ಅರವತ್ತೆರಡೂವರೆ ಲಕ್ಷ. ಒಂದೆರಡು ಸಮುದಾಯ ಭವನ, ನಾಲ್ಕು ಹೈಮಾಸ್ಟ್ ದೀಪ ಆದರೆ ಮುಗಿಯಿತು. ಕೋವಿಡ್ ಬಂದಾಗ ಅದನ್ನೂ ನಿಲ್ಲಿಸಿದ್ದರು.

ಆ ದೀಪದ ಕಂಬದ ಮೇಲೆ ಎಂಪಿ ಹೆಸರು ದೊಡ್ಡದಾಗಿ ಬರೆದಿರುತ್ತಾರೆ. ನಾವೂ ಅದನ್ನು ನೋಡಿ ಕೆಲಸ ಮಾಡಿದ್ದಾರೆ ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಎಂಪಿಯನ್ನು ಕಂಬದಿಂದ ಅಳೆಯಬಾರದು. ತೆರಿಗೆ, ರೈಲು, ಆಮದು, ನದಿ ನೀರು, ಬ್ಯಾಂಕು, ಕೇಂದ್ರ ಸರ್ಕಾರದ ನೇಮಕಾತಿ ಪರೀಕ್ಷೆಯಲ್ಲಿ ಕನ್ನಡ. ಇದೆಲ್ಲ ದೆಹಲಿಯಲ್ಲಿ ತೀರ್ಮಾನ ಆಗುವ ವಿಷಯ. ಇದರಲ್ಲಿ ಏನು ಮಾಡಿದರು ಅಂತ ಕೇಳಬೇಕು.

ಮೊದಲವೋಟು

ನಮಸ್ತೆ. 2024ರಲ್ಲಿ ನಾನು ಮೊದಲ ಸಲ ವೋಟು ಹಾಕಿದೆ. ಬೆರಳಿನ ಶಾಯಿ ಹೋಗಬಾರದು ಅಂತ ಎರಡು ದಿನ ಆ ಬೆರಳಿಗೆ ಸೋಪು ತಾಗಿಸಲಿಲ್ಲ. ಆ ಶಾಯಿ ನಮ್ಮ ಮೈಸೂರಿನ ಕಾರ್ಖಾನೆಯಿಂದಲೇ ಇಡೀ ದೇಶಕ್ಕೆ ಹೋಗುತ್ತದೆ ಅಂತ ಗೊತ್ತಾದಾಗ ಇನ್ನೂ ಖುಷಿಯಾಗಿತ್ತು.

ಇಲ್ಲಿ ಎಲ್ಲರೂ ಎಂಪಿಯನ್ನು ನೋಡಿ ವೋಟು ಹಾಕಿ ಅನ್ನುತ್ತಿದ್ದೀರಿ. ನಿಂತವರಲ್ಲಿ ಒಬ್ಬರೂ ಇಷ್ಟ ಆಗದಿದ್ದರೆ? ನಾನು ನೋಟಾ ಒತ್ತಬೇಕು ಅಂತ ಹೋಗಿದ್ದೆ. ಅಮ್ಮ ಬೇಡ ಅಂದರು. ನೋಟಾಕ್ಕೆ ಬೆಲೆ ಇಲ್ಲವಾ?

ಇನ್ನೊಂದು ವಿಷಯ ನನಗೆ ನಿಜವಾಗಿ ನೋವು ಕೊಡುತ್ತದೆ. 28 ಎಂಪಿಗಳಲ್ಲಿ ಹೆಂಗಸರು ಎಷ್ಟು? 2024ರಲ್ಲಿ ಗೆದ್ದವರು ಮೂರೇ ಜನ. 2023ರ ಸೆಪ್ಟೆಂಬರಿನಲ್ಲಿ ಮೂರನೇ ಒಂದು ಭಾಗ ಮಹಿಳಾ ಮೀಸಲಾತಿಗೆ ಸಂವಿಧಾನ ತಿದ್ದುಪಡಿ ಆಯಿತು. ಎಲ್ಲರೂ ಟಿವಿಯಲ್ಲಿ ಚಪ್ಪಾಳೆ ತಟ್ಟಿದರು. ಆದರೆ ಜನಗಣತಿ ಆಗಬೇಕು, ಆಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು, ಆಮೇಲೆ ಜಾರಿ ಅಂತ ಅದರಲ್ಲೇ ಬರೆದಿದ್ದಾರೆ. ಜನಗಣತಿ 2021ರಲ್ಲೇ ಆಗಬೇಕಿತ್ತು. ಕಾಯುವುದು ಯಾವಾಗಲೂ ನಾವೇ ಯಾಕೆ? ಕಾಯ್ದೆ ಬರುವ ತನಕ ಟಿಕೆಟ್ ಕೊಡಬೇಡಿ ಅಂತ ಯಾರೂ ಹೇಳಿಲ್ಲವಲ್ಲ. ಪಕ್ಷಗಳು ನಾಳೆಯೇ ಒಂಬತ್ತು ಕ್ಷೇತ್ರದಲ್ಲಿ ಹೆಂಗಸರನ್ನು ನಿಲ್ಲಿಸಬಹುದು.

ನಿವೃತ್ತಮೇಷ್ಟ್ರು

ಮಗಳೇ, ಮಹಿಳೆಯರ ವಿಷಯದಲ್ಲಿ ನೀನು ಹೇಳಿದ್ದಕ್ಕೆ ಸೇರಿಸಲು ನನ್ನ ಹತ್ತಿರ ಏನೂ ಇಲ್ಲ. ಪೂರ್ತಿ ಸರಿ.

ನೋಟಾ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂತು. ಅದು ಸಿಟ್ಟು ತೋರಿಸಲು ಇರುವ ದಾರಿ, ಫಲಿತಾಂಶ ಬದಲಿಸಲು ಅಲ್ಲ. 2024ರಲ್ಲಿ ಇಂದೋರ್ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ವಾಪಸ್ ತೆಗೆದುಕೊಂಡಾಗ 2 ಲಕ್ಷಕ್ಕೂ ಜಾಸ್ತಿ ಜನ ನೋಟಾ ಒತ್ತಿದರು. ಆದರೂ ಗೆದ್ದವರು ಗೆದ್ದರು. ಲೋಕಸಭೆ ಚುನಾವಣೆಯಲ್ಲಿ ನೋಟಾಕ್ಕೆ ಎಲ್ಲರಿಗಿಂತ ಜಾಸ್ತಿ ವೋಟು ಬಂದರೂ ಎರಡನೆಯವರೇ ಗೆಲ್ಲುತ್ತಾರೆ. ನಿನ್ನ ಅಮ್ಮ ಬೇಡ ಅಂದದ್ದು ಅದಕ್ಕೇ ಇರಬೇಕು. ಆದರೆ ಯೋಚಿಸಿ ಒತ್ತಿದ ನೋಟಾ ಮನೆಯಲ್ಲಿ ಕೂತವರಿಗಿಂತ ಸಾವಿರ ಪಾಲು ಮೇಲು. ಇದು ನನ್ನ ಅಭಿಪ್ರಾಯ.

ನೋಟಾ ಒತ್ತುವ ಮೊದಲು ಒಂದು ಕೆಲಸ ಮಾಡು. ಪ್ರತಿ ಅಭ್ಯರ್ಥಿ ನಾಮಪತ್ರದ ಜೊತೆ ಅಫಿಡವಿಟ್ ಕೊಡಬೇಕು. ಆಸ್ತಿ ಎಷ್ಟು, ಸಾಲ ಎಷ್ಟು, ಓದು ಎಷ್ಟು, ಕೇಸು ಯಾವುದು ಎಲ್ಲ ಅದರಲ್ಲಿ ಇರುತ್ತದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಮದುವೆಗೆ ಹುಡುಗನ ಮನೆ ವಿಚಾರಿಸಲು ನಾವು ಮೂರು ಊರು ತಿರುಗುತ್ತೇವೆ. ಐದು ವರ್ಷಕ್ಕೆ ಎಂಪಿ ಆರಿಸುವಾಗ ಹತ್ತು ನಿಮಿಷ ಕೊಡಬಾರದಾ?

ಕೃಷ್ಣಾತೀರ

ಎಲ್ಲ ಚೆನ್ನಾಗಿ ಮಾತಾಡುತ್ತಿದ್ದೀರಿ. ರೊಕ್ಕದ ಮಾತು ಮಾತ್ರ ಯಾರೂ ಎತ್ತಲಿಲ್ಲ. ನಾನು ಎತ್ತುತ್ತೇನೆ.

ಒಬ್ಬ ಲೋಕಸಭೆ ಅಭ್ಯರ್ಥಿ ನಮ್ಮಂಥ ದೊಡ್ಡ ರಾಜ್ಯದಲ್ಲಿ 95 ಲಕ್ಷದ ತನಕ ಮಾತ್ರ ಖರ್ಚು ಮಾಡಬಹುದು ಅಂತ ಇದೆ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಕಾಗದದ ಮೇಲೆ ಎಲ್ಲರೂ ಮಿತಿಯ ಒಳಗೇ ಇರುತ್ತಾರೆ. ವೋಟಿನ ಹಿಂದಿನ ರಾತ್ರಿ ನಮ್ಮ ಓಣಿಯೊಳಗೆ ಬಂದು ನೋಡಿ. ಕರೆಂಟ್ ಹೋಗುತ್ತದೆ, ನಾಯಿ ಬೊಗಳುತ್ತವೆ, ಬಾಗಿಲು ತಟ್ಟುವ ಶಬ್ದ. ಮನೆಯೊಳಗೆ ಎಷ್ಟು ವೋಟು ಅಂತ ಚೀಟಿ ನೋಡಿ ಎಣಿಸಿ ಕೊಟ್ಟು ಹೋಗುತ್ತಾರೆ. ಒಂದು ಪಕ್ಷ ಅಂತಲ್ಲ. ಒಬ್ಬರು ಬಂದು ಹೋದ ಅರ್ಧ ತಾಸಿಗೆ ಇನ್ನೊಬ್ಬರು.

ನನ್ನ ತಾಯಿ 2019ರಲ್ಲಿ ಬಾಗಿಲು ತೆಗೆಯಲಿಲ್ಲ. ಒಳಗಿನಿಂದಲೇ ಹೇಳಿದರು, "ನಮ್ಮನೆಯಾಗ ಮಾರಾಟಕ್ಕ ಏನೂ ಇಲ್ರಿ." ಮರುದಿನ ಓಣಿಯ ಹೆಂಗಸರು ನೀರಿನ ಟ್ಯಾಂಕಿಯ ಹತ್ತಿರ ನನ್ನ ತಾಯಿಗೆ ಬುದ್ಧಿ ಹೇಳಿದರು. ಎರಡೂ ಕಡೆ ತಗೊಂಡು ಬೇಕಾದವರಿಗೆ ಹಾಕಬೇಕಪ್ಪ, ಬಿಟ್ಟರೆ ನಮಗೇ ಲುಕ್ಸಾನು ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ. ದಿನಗೂಲಿಯವರು ಅವರು. ಕೊಡುವವರ ಮೇಲೆ ಸಿಟ್ಟು.

ಮೇಲಿನ ಮಟ್ಟದ ರೊಕ್ಕದ ಕಥೆ ಬೇರೆ. ಚುನಾವಣಾ ಬಾಂಡ್ 2018ರಲ್ಲಿ ಶುರುವಾಯಿತು. ಯಾವ ಕಂಪನಿ ಯಾವ ಪಕ್ಷಕ್ಕೆ ಕೊಟ್ಟಿತು ಅಂತ ಮತದಾರನಿಗೆ ಗೊತ್ತಾಗದ ವ್ಯವಸ್ಥೆ. 2024ರ ಫೆಬ್ರವರಿ 15ಕ್ಕೆ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆರು ವರ್ಷ ನಡೆದ ಮೇಲೆ. ಪಟ್ಟಿ ಹೊರಗೆ ಬಂದಾಗ ಆಳುವ ಬಿಜೆಪಿಗೆ ಎಲ್ಲರಿಗಿಂತ ಜಾಸ್ತಿ ಹೋಗಿತ್ತು, ಆದರೆ ಉಳಿದ ದೊಡ್ಡ ಪಕ್ಷಗಳೂ ತೆಗೆದುಕೊಂಡಿದ್ದವು. ಬಾಂಡ್ ಬೇಡ ಅಂತ ನಿಂತದ್ದು ಎಡಪಕ್ಷಗಳಂಥ ಕೆಲವರು ಮಾತ್ರ.

ಗೆದ್ದ ಮೇಲೂ ಮುಗಿಯಲಿಲ್ಲ. 2019ರಲ್ಲಿ ನಮ್ಮ ರಾಜ್ಯದ 17 ಶಾಸಕರು ರಾಜೀನಾಮೆ, ಮುಂಬೈ, ಹೋಟೆಲ್ ಅಂತ ಓಡಾಡಿ ಅನರ್ಹರಾದರು. ಅನರ್ಹತೆ ಸರಿ, ಆದರೆ ಮತ್ತೆ ನಿಲ್ಲಬಹುದು ಅಂತ ಕೋರ್ಟ್ ಹೇಳಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಬಹಳ ಜನರನ್ನು ನಾವೇ ಮತ್ತೆ ಗೆಲ್ಲಿಸಿ ಕಳಿಸಿದೆವು. ಬಯಲುಸೀಮೆಯವರು ಪಕ್ಷಾಂತರ ಕಾಯ್ದೆ ಅಂದರಲ್ಲ, ಅದು ನೆಟ್ಟಗೆ ಯೋಚಿಸುವವನ ಬಾಯಿ ಕಟ್ಟುತ್ತದೆ, ಮಾರಿಕೊಳ್ಳುವವನ ಕಾಲು ಕಟ್ಟುವುದಿಲ್ಲ.

ಇದೇ ನಾಡಿನಲ್ಲಿ ಶಾಂತವೇರಿ ಗೋಪಾಲಗೌಡರು ಜನರ ಹತ್ತಿರವೇ ಹೋಗಿ ಒಂದು ವೋಟು, ಒಂದು ನೋಟು ಕೊಡಿ ಅಂತ ಕೇಳಿ ಗೆದ್ದಿದ್ದರು. ಆಗ ಮತದಾರ ನಾಯಕನಿಗೆ ರೊಕ್ಕ ಕೊಡುತ್ತಿದ್ದ. ನಮ್ಮಪ್ಪ ಇದನ್ನು ಹೇಳುವಾಗ ಪ್ರತಿ ಸಲ ಅವರ ದನಿ ಗದ್ಗದ ಆಗುತ್ತಿತ್ತು.

ಬಯಲುಸೀಮೆ

ಕೃಷ್ಣಾತೀರದವರೇ, ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ.

ಅಡಿಕೆತೋಟದವರ ಮಾತನ್ನು ಎರಡು ದಿನ ಯೋಚಿಸಿದೆ. ನಿನ್ನೆ ನಾನೂ ಜಾಲತಾಣ ತೆರೆದೆ. ಒಂದು ವಿಷಯ ನನಗೆ ಗೊತ್ತಿರಲಿಲ್ಲ. ಎಂಪಿ ಸಚಿವರಾಗಿಬಿಟ್ಟರೆ ಪ್ರಶ್ನೆ ಕೇಳುವುದಿಲ್ಲ, ಹಾಜರಿಗೂ ಸಹಿ ಹಾಕುವುದಿಲ್ಲ. ಅಂಥವರ ಹೆಸರಿನ ಮುಂದೆ ಖಾಲಿ ನೋಡಿ ಕೆಲಸ ಮಾಡಿಲ್ಲ ಅಂತ ಯಾರೂ ತೀರ್ಮಾನ ಮಾಡಬೇಡಿ. ಹಾಗೆಯೇ ಪ್ರಶ್ನೆ ಜಾಸ್ತಿ ಇದ್ದ ಮಾತ್ರಕ್ಕೆ ಒಳ್ಳೆಯ ಎಂಪಿ ಅಂತಲೂ ಅಲ್ಲ. ಕೆಲವು ಪ್ರಶ್ನೆಗಳು ಹೇಗಿವೆ ಅಂದರೆ, ಯೋಜನೆ ಇದೆಯಾ, ಇದ್ದರೆ ವಿವರ ಕೊಡಿ. ಇದನ್ನು ಯಾರಾದರೂ ಕೇಳಬಹುದು. ನಮ್ಮ ತಾಲ್ಲೂಕಿನ ಹೆಸರು, ನಮ್ಮ ಬೆಳೆ, ನಮ್ಮ ನೀರು ಅಂತ ಕೇಳಿದ್ದು ಬೆರಳೆಣಿಕೆ.

ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಮುಖ ನೋಡಿ ವೋಟು ಹಾಕುವುದು ಬಿಡಲ್ಲ. ಆದರೆ ನಮ್ಮ ಕಡೆ ಆ ಪಕ್ಷದಿಂದ ಯಾರನ್ನು ನಿಲ್ಲಿಸುತ್ತಾರೆ ಅಂತ ಮೊದಲೇ ಜಗಳ ತೆಗೆಯಬೇಕು. ಟಿಕೆಟ್ ಕೊಟ್ಟ ಮೇಲೆ ಬಾಯಿ ಬಡಿದುಕೊಂಡರೆ ಪ್ರಯೋಜನ ಇಲ್ಲ.

ನಿವೃತ್ತಮೇಷ್ಟ್ರು

ದೊಡ್ಡ ವಿಷಯ ಒಂದು ಬಾಕಿ ಇದೆ. ರಾಜ್ಯದ ಪಾಲು. ಎಂಪಿಗಳು ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗುವುದಿಲ್ಲ.

ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಭಾಗದಲ್ಲಿ ನಮ್ಮದು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇತ್ತು. 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ನೋಡಲು ಒಂದು ಚಿಕ್ಕ ಅಂಕಿ. ಲೆಕ್ಕ ಹಾಕಿದರೆ ನೂರು ರೂಪಾಯಿ ಬರುತ್ತಿದ್ದ ಕಡೆ ಎಪ್ಪತ್ತೇಳು ಬಂದ ಹಾಗೆ. ಆದಾಯ ಕಡಿಮೆ ಇರುವ ರಾಜ್ಯಕ್ಕೆ ಜಾಸ್ತಿ ಕೊಡಬೇಕು ಅನ್ನುವುದು ನ್ಯಾಯವೇ. ಬಿಹಾರದ ಮಗುವೂ ನಮ್ಮ ದೇಶದ ಮಗುವೇ. ಆದರೆ ಇಷ್ಟು ದೊಡ್ಡ ಇಳಿಕೆ ಆಗುವಾಗ ದೆಹಲಿಯಲ್ಲಿ ನಮ್ಮ ದನಿ ಕೇಳಿಸಬೇಕಿತ್ತು. 2019ರಲ್ಲಿ ನಾವು 28ರಲ್ಲಿ 25 ಜನರನ್ನು ಒಂದೇ ಪಕ್ಷದಿಂದ ಕಳಿಸಿದ್ದೆವು, ಅದೂ ಆಳುವ ಪಕ್ಷದಿಂದ. ಅಷ್ಟು ಬಲ ಇದ್ದೂ ಆ ದನಿ ನನಗೆ ಸಾಕಾಗುವಷ್ಟು ಕೇಳಿಸಲಿಲ್ಲ.

2023ರ ಬರ ನೆನಪಿದೆಯಾ? 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯಿತು. ರಾಜ್ಯ ಕೇಳಿದ್ದು 18,171 ಕೋಟಿ. ತಿಂಗಳುಗಟ್ಟಲೆ ಕಾದು ಕೊನೆಗೆ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಆಮೇಲೆ 2024ರ ಏಪ್ರಿಲಿನಲ್ಲಿ 3,454 ಕೋಟಿ ಬಂತು. ರೈತನ ಪರಿಹಾರಕ್ಕೆ ರಾಜ್ಯವೊಂದು ಕೋರ್ಟಿನ ಮೆಟ್ಟಿಲು ಹತ್ತುವುದು ಯಾರಿಗೂ ಶೋಭೆ ಅಲ್ಲ. ಕೇಂದ್ರ ರಾಜ್ಯದ್ದು ತಪ್ಪು ಅಂದಿತು, ರಾಜ್ಯ ಕೇಂದ್ರದ್ದು ತಪ್ಪು ಅಂದಿತು. ಇಬ್ಬರ ನಡುವೆ ಸೇತುವೆ ಆಗಬೇಕಾದವರು ಎಂಪಿಗಳು. ಅವರೂ ಒಂದೊಂದು ದಡದಲ್ಲಿ ನಿಂತುಬಿಟ್ಟರು.

ಮುಂದೆ ಬರುವುದು ಇನ್ನೂ ದೊಡ್ಡದು. ಕ್ಷೇತ್ರ ಮರುವಿಂಗಡಣೆ. ಯಾವ ರಾಜ್ಯಕ್ಕೆ ಎಷ್ಟು ಲೋಕಸಭೆ ಸೀಟು ಅನ್ನುವುದು 1971ರ ಜನಗಣತಿಯ ಮೇಲೆ ನಿಂತಿದೆ. 1976ರಲ್ಲಿ ಅದನ್ನು ಹಾಗೇ ಇಟ್ಟರು, 2001ರ ಮೇಲೆ ಮತ್ತೆ 2026ರ ತನಕ ಮುಂದಕ್ಕೆ ಹಾಕಿದರು. ಕುಟುಂಬ ಯೋಜನೆಯನ್ನು ಸರಿಯಾಗಿ ಮಾಡಿದ ರಾಜ್ಯಗಳಿಗೆ ಅನ್ಯಾಯ ಆಗಬಾರದು ಅಂತಲೇ ಹಾಗೆ ಮಾಡಿದ್ದು. ಈಗಿನ ಜನಸಂಖ್ಯೆ ನೋಡಿ ಹಂಚಿದರೆ 543ರಲ್ಲಿ 28 ಇರುವ ನಮ್ಮ ತೂಕ ಕಡಿಮೆ ಆಗುತ್ತದೆ. ಒಬ್ಬ ಮನುಷ್ಯನಿಗೆ ಒಂದು ವೋಟು, ಎಲ್ಲ ವೋಟಿಗೂ ಒಂದೇ ಬೆಲೆ ಅನ್ನುವ ಉತ್ತರದವರ ಮಾತಿನಲ್ಲೂ ಸತ್ಯ ಇದೆ. ಎರಡೂ ಸತ್ಯವನ್ನು ಇಟ್ಟುಕೊಂಡು ಕೂತು ಮಾತಾಡುವಂಥ ಎಂಪಿಗಳು ಬೇಕು. ಬರೀ ಘೋಷಣೆ ಕೂಗುವವರು ಆ ದಿನ ನಮ್ಮ ಪಾಲಿಗೆ ಆಗಿಬರುವುದಿಲ್ಲ.

1996ರಲ್ಲಿ ನಮ್ಮ ರಾಜ್ಯದಿಂದ ಜನತಾದಳದ 16 ಜನ ಗೆದ್ದಿದ್ದರು. ಆ ಬಲದ ಮೇಲೆ ದೇವೇಗೌಡರು ಪ್ರಧಾನಿ ಆದರು. ಹತ್ತೂವರೆ ತಿಂಗಳು ಅಷ್ಟೇ. ಅವರ ರಾಜಕೀಯದ ಬಗ್ಗೆ ಸಾವಿರ ತಕರಾರು ಇರಲಿ. ಆದರೆ ಸಣ್ಣ ಸಂಖ್ಯೆಯೂ ಸರಿಯಾದ ಹೊತ್ತಿಗೆ ಎಷ್ಟು ದೊಡ್ಡದಾಗುತ್ತದೆ ಅಂತ ಅವತ್ತು ಕಣ್ಣಾರೆ ನೋಡಿದ್ದೇವೆ.

ರಾತ್ರಿಪಾಳಿ

ಮೇಷ್ಟ್ರೇ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಸದನ ನಡೆದರೆ ತಾನೆ ದನಿ ಕೇಳುವುದು. 2023ರ ಚಳಿಗಾಲದ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಎಂಪಿಗಳನ್ನು ಅಮಾನತು ಮಾಡಿದರು. ಅವರು ಗಲಾಟೆ ಮಾಡಿದ್ದು ಸರಿಯಾ, ಅಮಾನತು ಮಾಡಿದ್ದು ಸರಿಯಾ ಅಂತ ಜಗಳ ಆಡಬಹುದು. ಆದರೆ ಆ 146 ಜನರ ಹಿಂದೆ ಇರುವ ಕೋಟ್ಯಂತರ ಜನರ ಪ್ರಶ್ನೆಗಳು ಅವತ್ತು ಹೊರಗೆ ನಿಂತವು. ಅಂಥ ದಿನಗಳಲ್ಲೇ ಮುಖ್ಯವಾದ ಮಸೂದೆಗಳು ಪಾಸಾದವು. ಯಾವ ಪಕ್ಷದ ಸರ್ಕಾರ ಇದ್ದರೂ ಇದು ತಪ್ಪು ಅಂತ ನಾನು ಹೇಳುತ್ತೇನೆ.

ಮೊದಲವೋಟು

ನಾನೊಂದು ಕೇಳಲಾ? ಎಲ್ಲರೂ ಎಂಪಿಯನ್ನು ಕೇಳಬೇಕು ಅನ್ನುತ್ತಿದ್ದೀರಿ. ಹೇಗೆ ಕೇಳುವುದು? ಫೋನ್ ಮಾಡಿದರೆ ಯಾರೋ ಸಹಾಯಕರು ಎತ್ತುತ್ತಾರೆ, ಸಾಹೇಬರು ದೆಹಲಿಯಲ್ಲಿ ಇದ್ದಾರೆ ಅನ್ನುತ್ತಾರೆ. ದೆಹಲಿಯಲ್ಲಿ ಇದ್ದರೆ ಒಳ್ಳೆಯದೇ ಅಂತ ಈಗ ಗೊತ್ತಾಯಿತು. ಆದರೆ ನನ್ನ ಮಾತು ಅಲ್ಲಿಗೆ ಹೇಗೆ ತಲುಪಬೇಕು?

ಅಡಿಕೆತೋಟ

ನಾವು ಮಾಡಿದ್ದನ್ನು ಹೇಳುತ್ತೇನೆ. ಸರಿಯೋ ತಪ್ಪೋ ಗೊತ್ತಿಲ್ಲ.

ಕಟ್ಟೆಯ ಮೇಲೆ ಮತ್ತೆ ಕೂತೆವು. ಮಗಳು ಆ ಹಳೆಯ ಪ್ರಶ್ನೆ ಮತ್ತು ಉತ್ತರವನ್ನು ಕನ್ನಡದಲ್ಲಿ ಬರೆದು ತಂದಿದ್ದಳು. ಓದಿದಾಗ ಎಲ್ಲರೂ ಬಾಯಿ ಮುಚ್ಚಿ ಕೇಳಿದರು. ಯಾವತ್ತೂ ಮಾತಾಡದ ಒಬ್ಬರು ಹಿರಿಯರು, "ಹಂಗಾದ್ರೆ ಕೇಳಿದ್ದಾರೆ ಮಾರಾಯ" ಅಂದರು. ಅವತ್ತು ಎಂಪಿ ಬಗ್ಗೆ ನಮ್ಮೂರಲ್ಲಿ ಮೊದಲ ಸಲ ಬೈಗುಳ ಇಲ್ಲದ ಮಾತು ನಡೆಯಿತು.

ಎಲ್ಲರೂ ಸೇರಿ ಒಂದು ಪುಟದ ಪತ್ರ ಬರೆದೆವು. ರಸ್ತೆ ಕೇಳಲಿಲ್ಲ, ದೇವಸ್ಥಾನಕ್ಕೆ ದುಡ್ಡು ಕೇಳಲಿಲ್ಲ. ನೀವು ಕೇಳಿದ ಪ್ರಶ್ನೆ ಓದಿದೆವು, ಧನ್ಯವಾದ ಅಂತ ಶುರು ಮಾಡಿದೆವು. ಆಮೇಲೆ ಎರಡೇ ವಿಷಯ. ಒಂದು, ಎಲೆಚುಕ್ಕಿ ಬಂದ ತೋಟಗಳಿಗೆ ಕೇಂದ್ರದ ಯೋಜನೆಯಿಂದ ನಮ್ಮ ಜಿಲ್ಲೆಗೆ ಇದುವರೆಗೆ ಬಂದ ದುಡ್ಡು ಎಷ್ಟು, ಬರದಿದ್ದರೆ ಕಾರಣ ಏನು. ಎರಡು, ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು, ಅದಾದ ಮೇಲೆ ಕಳ್ಳದಾರಿಯಲ್ಲಿ ಬಂದು ಸಿಕ್ಕಿಬಿದ್ದ ಅಡಿಕೆ ಎಷ್ಟು. ಇದನ್ನು ಮುಂದಿನ ಅಧಿವೇಶನದಲ್ಲಿ ಕೇಳಿ ಅಂತ ಬರೆದೆವು.

ಮೂವತ್ತೆಂಟು ಜನ ಸಹಿ ಹಾಕಿದರು. ಅದರಲ್ಲಿ ಅವರಿಗೆ ವೋಟು ಹಾಕಿದವರೂ ಇದ್ದಾರೆ, ಹಾಕದವರೂ ಇದ್ದಾರೆ. ಒಬ್ಬ ಹುಡುಗ ತನ್ನ ಪಕ್ಷ ಬೇರೆ ಅಂತ ಪೆನ್ನು ಹಿಡಿದು ಸ್ವಲ್ಪ ಹೊತ್ತು ಹಿಂದೆ ಮುಂದೆ ನೋಡಿದ. ರೋಗ ಪಕ್ಷ ಕೇಳಿ ಬರಲಿಲ್ಲವಲ್ಲ ಅಂತ ಅವನ ಅಪ್ಪನೇ ಹೇಳಿದರು. ಸಹಿ ಹಾಕಿದ.

ಸ್ಪೀಡ್ ಪೋಸ್ಟಿನಲ್ಲಿ ಎರಡು ಪ್ರತಿ ಕಳಿಸಿದೆವು, ಒಂದು ಊರಿನ ಕಚೇರಿಗೆ, ಒಂದು ದೆಹಲಿಯ ವಿಳಾಸಕ್ಕೆ. ತಲುಪಿದೆ ಅಂತ ಮೊಬೈಲಿಗೆ ಸಂದೇಶ ಬಂದಿದೆ. ಉತ್ತರ ಇನ್ನೂ ಬಂದಿಲ್ಲ. ಅಧಿವೇಶನ ಶುರುವಾದ ದಿನದಿಂದ ಮಗಳು ರಾತ್ರಿ ಊಟ ಆದ ಮೇಲೆ ಪಟ್ಟಿ ತೆರೆದು ನೋಡುತ್ತಿದ್ದಾಳೆ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಕೃಷಿ ಮತ್ತು ವಾಣಿಜ್ಯ ಸಚಿವಾಲಯದ ದಿನಗಳು ಯಾವಾಗ ಅಂತ ಈಗ ನಮ್ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ಕೃಷ್ಣಾತೀರ

ಆ ಪತ್ರದ ಒಕ್ಕಣೆ ಇಲ್ಲಿ ಹಾಕಿ. ನಮ್ಮ ಕಡೆ ಕಬ್ಬಿನ ದರ ಕೇಂದ್ರವೇ ನಿಗದಿ ಮಾಡುತ್ತದೆ. ಬಾಕಿ ಬಿಲ್ಲಿನ ಬಗ್ಗೆ ನಾವೂ ಒಂದು ಬರೆಯುತ್ತೇವೆ. ಮೊದಲ ಸಹಿ ನನ್ನ ತಾಯಿಯದು.